ಗ್ರಾಹಕರು ಕೇಳದ ಆಟೋಮೇಷನ್ ಯಾರಿಗಾಗಿ?

ಮಾನ್ಯ ಸಂಪಾದಕರೇ,

ದುಡ್ಡು ಕಟ್ ಆಗಿದೆ, ಆರ್ಡರ್ ಬಂದಿಲ್ಲ ಎಂದು ಆ್ಯಪ್‌ನಲ್ಲಿ ಬರೆದರೆ ಚಾಟ್‌ಬಾಟ್ ನಾಲ್ಕು ಆಯ್ಕೆ ಕೊಡುತ್ತದೆ. ನಮ್ಮ ಸಮಸ್ಯೆ ಆ ನಾಲ್ಕರಲ್ಲಿ ಇರುವುದಿಲ್ಲ. ಮನುಷ್ಯರ ಜೊತೆ ಮಾತಾಡಬೇಕು ಅಂದರೆ ಮತ್ತೆ ಅದೇ ನಾಲ್ಕು ಆಯ್ಕೆ. ಇದು ಬೇಕು ಅಂತ ಯಾವ ಗ್ರಾಹಕರೂ ಕೇಳಿರಲಿಲ್ಲ ಅಲ್ವಾ?

ಇಂಥ ಆ್ಯಪ್ ನಡೆಸುವ ಎಷ್ಟೋ ಸ್ಟಾರ್ಟಪ್‌ಗಳು, ಅಂದರೆ ಹೊಸ ಕಂಪನಿಗಳು, ನಡೆಯುವುದು ಹೂಡಿಕೆದಾರರ ದುಡ್ಡಿನಲ್ಲಿ. ಜಾಸ್ತಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳದೆ ವ್ಯವಹಾರ ಹತ್ತು ಪಟ್ಟು ಬೆಳೆಸುತ್ತೇವೆ ಎಂದು ತೋರಿಸಿದರೆ ಮುಂದಿನ ಫಂಡಿಂಗ್ ಸಲೀಸು, ಹಾಗಾಗಿ ಗ್ರಾಹಕರಿಗೆ ಎಲ್ಲಿ ತೊಂದರೆ ಅಂತ ನೋಡುವ ಬದಲು ಕಂಪನಿಗೆ ಎಲ್ಲಿ ಖರ್ಚು ಜಾಸ್ತಿ ಅಂತ ನೋಡಿ ಅಲ್ಲಿಗೆ ಯಂತ್ರ ಕೂರಿಸುತ್ತಾರೆ. ಅಳೆಯುವ ರೀತಿಯೂ ಹಾಗೇ. ಸಿಬ್ಬಂದಿಯ ತನಕ ಹೋಗದ ದೂರುಗಳನ್ನು ಎಷ್ಟೋ ಕಡೆ ಬಾಟ್ ಬಗೆಹರಿಸಿದ ಲೆಕ್ಕಕ್ಕೆ ಹಾಕುತ್ತಾರೆ. ಬೇಸತ್ತು ಆ್ಯಪ್ ಮುಚ್ಚಿದವರೂ ಆ ಲೆಕ್ಕದಲ್ಲೇ ಸೇರಿಹೋಗುತ್ತಾರೆ! ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇದಕ್ಕೇ. ನಾವು ಸೋತು ಸುಮ್ಮನಾದಷ್ಟೂ ಅವರ ಗ್ರಾಫ್ ಮೇಲೇರುತ್ತದೆ.

ಅಮೆರಿಕದ ಝೂಮ್ (Zume, ವಿಡಿಯೋ ಕರೆಯ Zoom ಅಲ್ಲ) ಎಂಬ ಪಿಜ್ಜಾ ಕಂಪನಿ 2015ರಲ್ಲಿ ಶುರುವಾಯಿತು. ರೋಬೋಟ್‌ಗಳಿಂದ ಪಿಜ್ಜಾ ಮಾಡಿಸಿ, ಮನೆಗೆ ತಲುಪಿಸುವ ದಾರಿಯಲ್ಲಿ ಗಾಡಿಯೊಳಗೇ ಬೇಯಿಸುವ ಯೋಜನೆ ಅದರದ್ದು. 2018ರಲ್ಲಿ ಜಪಾನಿನ ಹೂಡಿಕೆ ಸಂಸ್ಥೆ ಸಾಫ್ಟ್‌ಬ್ಯಾಂಕ್ ಅದಕ್ಕೆ 37.5 ಕೋಟಿ ಡಾಲರ್ ಕೊಟ್ಟಿತು. ತಿನ್ನುವವರಿಗೆ ಬೇಕಾದದ್ದು ರುಚಿಯಾದ, ಬಿಸಿ ಪಿಜ್ಜಾ, ಅದನ್ನು ಯಾರ ಕೈ ಮಾಡಿತು ಎಂಬುದು ಅವರ ಚಿಂತೆ ಆಗಿರಲಿಲ್ಲ. 2020ರಲ್ಲಿ ಪಿಜ್ಜಾ ನಿಂತಿತು, 2023ರಲ್ಲಿ ಕಂಪನಿಯೇ ಮುಚ್ಚಿತು.

ಈಗ ಕೊಂಡು ಆಮೇಲೆ ದುಡ್ಡು ಕಟ್ಟುವ ಸೌಲಭ್ಯ ಕೊಡುವ ಸ್ವೀಡನ್ನಿನ ಕ್ಲಾರ್ನಾ ಕಂಪನಿ ಈಗ ಸ್ಟಾರ್ಟಪ್ ಅನ್ನುವ ಗಾತ್ರದ್ದಲ್ಲ, ಆದರೂ ಅದರ ಅನುಭವ ಎಲ್ಲರೂ ನೋಡಬೇಕಾದದ್ದು. ತನ್ನ ಎಐ ಸಹಾಯಕ 700 ಸಿಬ್ಬಂದಿಯ ಕೆಲಸ ಮಾಡುತ್ತಿದೆ ಎಂದು 2024ರಲ್ಲಿ ಹೇಳಿಕೊಂಡಿತ್ತು. ಮರುವರ್ಷವೇ ಅದರ ಮುಖ್ಯಸ್ಥರು, ಖರ್ಚಿನ ಮೇಲೆ ಕಣ್ಣಿಟ್ಟು ಗುಣಮಟ್ಟ ಕುಸಿಯಿತು ಎಂದು ಒಪ್ಪಿಕೊಂಡು, ಗ್ರಾಹಕರ ಜೊತೆ ಮಾತಾಡಲು ಮತ್ತೆ ಜನರನ್ನು ತೆಗೆದುಕೊಳ್ಳಲು ಹೊರಟರು.

ಯಂತ್ರವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಾಸ್‌ವರ್ಡ್ ಬದಲಿಸಲು, ರೀಫಂಡ್ ಎಲ್ಲಿಗೆ ಬಂತು ಅಂತ ನೋಡಲು ಯಾರಿಗೂ ಫೋನ್ ಮಾಡುವ ಮನಸ್ಸಿರುವುದಿಲ್ಲ, ಅಂಥದ್ದನ್ನು ಯಂತ್ರ ಮಾಡಲಿ. ದುಡ್ಡು ಕಳೆದುಹೋದಾಗ, ಖಾತೆ ಲಾಕ್ ಆದಾಗ ಮಾತ್ರ ನಮ್ಮ ಮಾತು ಕೇಳಿ ತೀರ್ಮಾನ ಮಾಡುವ ಒಬ್ಬ ಮನುಷ್ಯ ಬೇಕೇ ಬೇಕು. ಹೊಸ ಬಾಟ್ ಕಟ್ಟಲು ಹೊರಟಿರುವ ಸ್ಥಾಪಕರು ಮೊದಲು ಒಂದು ವಾರ ತಾವೇ ಕೂತು ದೂರಿನ ಕರೆಗಳನ್ನು ಕೇಳಲಿ, ಆಮೇಲೆ ಸಿಬ್ಬಂದಿ ಜೊತೆ ಮಾತಾಡುವ ಬಟನ್ನನ್ನು ಮೊದಲ ಪರದೆಯಲ್ಲೇ ಇಡಲಿ.

ಇಂತಿ,
ನಿಮ್ಮ ಓದುಗ