ಬಗಲು ಹಿಡಿಯುವ ಕುರ್ತಾ: ಮಗಳಿಗೊಂದು ಪತ್ರ

ಬೆಟಗೇರಿ, ಗದಗ

ಚಿ. ಮಗಳಿಗೆ ಅವ್ವನ ಆಶೀರ್ವಾದಗಳು.

ನೀನೇ ಹೊಲಿದ ಕುರ್ತಾ ತೊಟ್ಟು ಕಳುಹಿಸಿದ ಮೂರೂ ಫೋಟೊ ನೋಡಿದೆ. ನಿನ್ನ ಅಪ್ಪ ‘ಚೆನ್ನಾಗಿದೆಯಲ್ಲ’ ಎಂದರು. ಎರಡು ತೋಳು, ಒಂದು ಕೊರಳು ಇದ್ದರೆ ಅವರಿಗೆ ಎಲ್ಲ ಅಂಗಿಯೂ ಚೆನ್ನವೇ. ನನಗೆ ಕಂಡದ್ದು ಎದೆಯಿಂದ ಬಗಲಿಗೆ ಓರೆಯಾಗಿ ಎಳೆದ ನಿರಿಗೆ, ಭುಜದಿಂದ ಜಾರಿ ಕೆಳಗಿಳಿದ ತೋಳಿನ ಹೊಲಿಗೆ, ಬೆನ್ನಲ್ಲಿ ಜೋತ ಬಟ್ಟೆ. ಇವೆಲ್ಲ ಸರಿಯಾಗುತ್ತವೆ. ಕೆಳಗೆ ಬರೆದಿದ್ದೀಯಲ್ಲ, ‘ನನ್ನ ಮೈಯೇ ಸರಿಯಿಲ್ಲ ಅವ್ವ’ ಎಂದು, ಆ ಸಾಲು ಮಾತ್ರ ನನಗೆ ಸೇರಲಿಲ್ಲ.

ಆ ಮಾತನ್ನು ನಾನೂ ಕೇಳಿಸಿಕೊಂಡವಳೇ. ನಿಶ್ಚಯದ ಜಂಪರು ಹೊಲಿಸಲೆಂದು ನಿನ್ನ ಅಜ್ಜಿ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದರು. ಹೊಲಿದು ಬಂದದ್ದು ಬಲಗಡೆ ಜಾರುತ್ತಿತ್ತು. ಕೇಳಿದರೆ ‘ನಿಮ್ಮ ಭುಜವೇ ಸೊಟ್ಟ, ನಾವೇನು ಮಾಡೋಣ’ ಎಂದರು. ನಿಶ್ಚಯದ ದಿನ ಎರಡೂ ಭುಜಕ್ಕೆ ಸೆರಗು ಹೊದ್ದು ಕುಳಿತಿದ್ದೆ. ಹುಡುಗಿ ಬಹಳ ವಿನಯವಂತೆ ಎಂದು ಬೀಗರು ಮೆಚ್ಚಿಕೊಂಡರು. ಹೊಲಿಗೆ ಕಲಿತ ಮೇಲೆ ಟೇಪು ಹಿಡಿದು ನೋಡಿದರೆ ಬಲ ಭುಜ ಅರ್ಧ ಇಂಚು ಇಳಿದಿತ್ತು. ಕೊಡ ಹೊತ್ತು ಹಾಗಾಯಿತೋ, ಹುಟ್ಟಿದ್ದೇ ಹಾಗೋ. ಅಂದಿನಿಂದ ನನ್ನ ಜಂಪರುಗಳ ಬಲ ಭುಜದ ಹೊಲಿಗೆ ತೋಳಿನ ತುದಿಯಲ್ಲಿ ಅರ್ಧ ಇಂಚು ಇಳಿದೇ ಇರುತ್ತದೆ, ಬಗಲೂ ಅಷ್ಟೇ ಇಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಗುರುತಿಸಿಲ್ಲ.

ಈಗ ನೀನು ಬಟ್ಟೆಯ ಮೇಲಿಟ್ಟು ಕತ್ತರಿಸಿದ ಕಾಗದದ ನಮೂನೆಯ ವಿಷಯ. ಅಳತೆವಾರು ನಮೂನೆ ಮಾಡಿ ಮಾರುವುದನ್ನು ಅಮೆರಿಕದ ಬಟರಿಕ್ ಎಂಬ ದರ್ಜಿ 1863ರಲ್ಲಿ ಶುರು ಮಾಡಿದನಂತೆ, ನಿನ್ನ ತಮ್ಮ ಮೊಬೈಲಿನಲ್ಲಿ ಓದಿ ಹೇಳಿದ. ಒಳ್ಳೆಯ ಉಪಾಯವೇ. ಆದರೆ ಅಂಥ ನಮೂನೆ ಬರೆಯುವವರು ಒಂದು ಲೆಕ್ಕ ಹಿಡಿದುಕೊಂಡಿರುತ್ತಾರೆ. ಟೇಪನ್ನು ಬಗಲ ಕೆಳಗಿಂದ ಎದೆಯ ಮೇಲ್ಭಾಗಕ್ಕೆ ಸುತ್ತಿದರೆ ಬರುವ ಅಳತೆಗೂ ಎದೆಯ ಪೂರ್ತಿ ಸುತ್ತಳತೆಗೂ ಸಾಮಾನ್ಯವಾಗಿ ಎರಡು ಇಂಚಿನ ಅಂತರ ಇಟ್ಟುಕೊಳ್ಳುತ್ತಾರೆ. ನನ್ನ ವಹಿಯಲ್ಲಿ ನಿನ್ನದು 34 ಮತ್ತು 38, ಅಂದರೆ ನಾಲ್ಕು ಇಂಚಿನ ಅಂತರ. ನೀನು 38 ನೋಡಿ ನಮೂನೆ ಆರಿಸಿದೆ. ಅದು ಭುಜ, ಬೆನ್ನು, ಕೊರಳು ಎಲ್ಲ ದೊಡ್ಡದಿರುವ ಬೇರೆ ಯಾವಳದೋ ನಮೂನೆ. ಅದಕ್ಕೇ ಬೆನ್ನಲ್ಲಿ ಬಟ್ಟೆ ಜೋತಿದೆ, ಎದೆಯಲ್ಲಿ ಸಾಲದಾಗಿದೆ.

ಭುಜಕ್ಕೆ ಕೂಡುವ ನಮೂನೆ ತೆಗೆದುಕೊ, ಅಂದರೆ 34ರ ಮೇಲ್ಭಾಗದ್ದು. ಅದರ ಎದೆ 36 ಇರುತ್ತದೆ. ನಿನಗೆ ಇನ್ನೂ ಎರಡು ಇಂಚು ಬೇಕು. ಮುಂಭಾಗದ ನಮೂನೆ ಅರ್ಧ ಮೈಯದು, ಹಾಗಾಗಿ ಅದರಲ್ಲಿ ಒಂದೇ ಇಂಚು ಬಿಡಿಸಬೇಕು. ಎದೆಯ ಬಿಂದು ಗುರುತಿಸಿ ಅಲ್ಲಿಂದ ಮೂರು ಗೆರೆ ಎಳೆ: ಒಂದು ನೇರ ಕೆಳಗೆ ಅಂಚಿನವರೆಗೆ, ಒಂದು ಬಗಲಿನ ಕಡೆಗೆ, ಒಂದು ಪಕ್ಕದ ಹೊಲಿಗೆಗೆ. ಅಂಚಿನಿಂದ ಬಿಂದುವಿಗೆ, ಅಲ್ಲಿಂದ ಬಗಲಿಗೆ ಕತ್ತರಿಸುತ್ತ ಹೋಗಿ, ಬಗಲಿನ ಹೊಲಿಗೆ ಗೆರೆಯ ಹತ್ತಿರ ಕೂದಲೆಳೆಯಷ್ಟು ಕಾಗದ ಬಿಡು, ಅದೇ ತಿರುಗಣಿ. ಪಕ್ಕದ ಗೆರೆಯನ್ನು ಬಿಂದುವಿನ ಹತ್ತಿರದವರೆಗೆ ಕತ್ತರಿಸು. ಈಗ ಒಂದು ಇಂಚು ಅಗಲಿಸಿದರೆ ಪಕ್ಕದಲ್ಲಿ ಟಕ್ಸು, ಅಂದರೆ ಮಡಚಿ ಚೂಪಾಗಿ ಹೊಲಿಯುವ ಜಾಗ, ತಾನಾಗಿ ಬಾಯಿ ಬಿಡುತ್ತದೆ. ಕೆಳಗೆ ಪಕ್ಕದ ತುಂಡು ಉದ್ದವಾಗಿ, ನಡುವಿನ ತುಂಡು ಗಿಡ್ಡವಾಗಿ ಕಾಣುತ್ತದೆ. ಗಾಬರಿಯಾಗಬೇಡ, ನಡುವಿನದನ್ನು ಅಡ್ಡ ಕತ್ತರಿಸಿ ಸಮಕ್ಕೆ ಇಳಿಸು. ಬಿರುಕಿನ ಹಿಂದೆ ಹಳೆಯ ಪತ್ರಿಕೆಯ ಹಾಳೆ ಅಂಟಿಸು. ನನ್ನ ಜಂಪರಿನ ನಮೂನೆಯಲ್ಲಿ ಇವತ್ತಿಗೂ ಯಾವುದೋ ವರ್ಷದ ಮೆಣಸಿನಕಾಯಿ ಧಾರಣೆ ಓದಬಹುದು.

ಕೈ ಎತ್ತಲು ಬಾರದೆಂದು ಬಗಲನ್ನು ಇನ್ನೊಂದು ಇಂಚು ಕೆಳಗೆ ಕೊರೆದೆ ಎಂದಿದ್ದೀಯ. ಎಲ್ಲರೂ ಮಾಡುವ ತಪ್ಪು ಅದು, ನಾನೂ ಎರಡು ಜಂಪರು ಹಾಗೆ ಕೆಡಿಸಿದ್ದೇನೆ. ಬಗಲು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಅಂಗಿಯೇ ಮೇಲೇಳುತ್ತದೆ. ಕಂಕುಳಿಗೆ ಹತ್ತಿರವಿದ್ದರೇ ಕೈಗೆ ಬಿಡುವು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ನಿನಗೆ ತೊಂದರೆಯಾದದ್ದು ಇದರಿಂದಲೇ. ಕತ್ತರಿಸಿದ್ದು ತಿರುಗಿ ಬರುವುದಿಲ್ಲ, ಆದರೆ ಈ ಕುರ್ತಾ ಉಳಿಯುತ್ತದೆ. ತೋಳು ಮತ್ತು ಪಕ್ಕದ ಹೊಲಿಗೆ ಕೂಡುವ ಬಗಲಲ್ಲಿ ನಾಲ್ಕು ಇಂಚು ಬಿಚ್ಚಿ, ಉಳಿದ ಚೂರಿನಿಂದ ಚೌಕದ ತುಂಡು ಕತ್ತರಿಸಿ, ಮೂಲೆ ಮೇಲೆ ಬರುವಂತೆ ತಿರುಗಿಸಿ ಹಚ್ಚು. ಹಳೆಯ ಜುಬ್ಬಗಳೆಲ್ಲ ಇಂಥ ಬಗಲು ತುಂಡಿನ ಮೇಲೇ ನಿಂತಿದ್ದವು. ನಿನ್ನ ಮುತ್ತಜ್ಜನ ಅಂಗಿಯಲ್ಲಿ ಭುಜಕ್ಕೆ ಡೊಂಕು ಕತ್ತರಿಯೇ ಇರಲಿಲ್ಲ, ಎಲ್ಲ ನೇರ. ಆದರೂ ಹೊಲದಲ್ಲಿ ದಿನವಿಡೀ ಕೈ ಬೀಸುತ್ತಿದ್ದರು.

ಇನ್ನು ಮುಂದೆ ಒಳ್ಳೆಯ ಬಟ್ಟೆಗೆ ನೇರವಾಗಿ ಕತ್ತರಿ ಇಡಬೇಡ. ಕೋರಾ ಬಟ್ಟೆ ತಂದು, ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸು. ಕಚ್ಚಾ ಹೊಲಿಗೆ ಹಾಕಿ ಮೈಮೇಲೆ ತೊಟ್ಟು ನಿರಿಗೆ ಎತ್ತ ಬೆರಳು ಮಾಡುತ್ತದೆ ನೋಡು, ಎಳೆತ ಇರುವುದು ಅಲ್ಲೇ. ಬಟ್ಟೆಯ ಹಾಸನ್ನು ಮೈಯುದ್ದಕ್ಕೆ ನೇರ ಇಡು. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಹಾಸು-ಹೊಕ್ಕು ಹೇಳಿಕೊಡಬೇಕೆ? ಆದರೆ ಫೋಟೊದಲ್ಲಿ ನಿನ್ನ ಎಡ ಮುಂಭಾಗ ಓರೆಯಾಗಿ ಕತ್ತರಿಸಿದ್ದು ಕಾಣುತ್ತಿದೆ, ಬಟ್ಟೆ ಉಳಿಸಲು ಹೋಗಿರಬೇಕು.

ಕೊರಳಿಗೆ ಕಸೂತಿ ಗೋಪುರ ಹಾಕುತ್ತೇನೆ ಎಂದಿದ್ದೀಯಲ್ಲ, ಅದಕ್ಕೆ ಸ್ವಲ್ಪ ತಡೆ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಓರೆಯಾಗಿ ಎಳೆದ ಬಟ್ಟೆಯಲ್ಲಿ ಗೋಪುರ ವಾಲಿ ನಿಲ್ಲುತ್ತದೆ.

ನಿನಗೆಂದು ಗುಳೇದಗುಡ್ಡದ ಖಣ ತೆಗೆದಿಟ್ಟಿದ್ದೇನೆ. ಅಂಚು ತೋಳಿಗೇ ಬರಬೇಕು, ಬಟ್ಟೆಯ ಪನ್ನಾ (ಅಗಲ) ಕಿರಿದು, ಒಂದು ಸಲ ತಪ್ಪಿದರೆ ಇನ್ನೊಂದು ತೋಳಿಗೆ ಬಟ್ಟೆ ಇಲ್ಲ. ಎಡ ಭುಜ, ಬಲ ಭುಜ ಬೇರೆ ಬೇರೆ ಅಳೆದು ಬರೆ. ಕೋರಾ ಬಟ್ಟೆಯದನ್ನು ತೊಟ್ಟು ಎರಡೂ ಕೈ ಮೇಲೆತ್ತಿದ ಫೋಟೊ ಕಳುಹಿಸಿದ ದಿನ ಖಣ ಅಂಚೆಗೆ ಬೀಳುತ್ತದೆ. ಗುರುವಾರ ಬೆಳಿಗ್ಗೆ ಫೋನ್ ಮಾಡಬೇಡ, ಅಂದು ನಲ್ಲಿಗೆ ನೀರು ಬಿಡುತ್ತಾರೆ ಎನ್ನುತ್ತಿದ್ದಾರೆ.

ನಿನ್ನ
ಅವ್ವ