ಮಾಚಾ ಡಬ್ಬಿಯ ತೂಕ ಮತ್ತು ರುಚಿಯ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಕಳೆದ ತಿಂಗಳಿನಿಂದ ನಮ್ಮ ಮೇಲ್ದರ್ಜೆಯ ಮಾಚಾ, ಅಂದರೆ ಜಪಾನಿನ ಹಸಿರು ಚಹಾ ಎಲೆಯ ನುಣುಪು ಪುಡಿ, 40 ಗ್ರಾಂ ಬದಲು 30 ಗ್ರಾಂ ಡಬ್ಬಿಯಲ್ಲಿ, ಹಳೆಯ ಬೆಲೆಗೇ ಸಿಗುತ್ತಿದೆ. ಕ್ಯೋಟೋ ಬಳಿಯ ಊಜಿಯ ಪುಡಿಯ ಜೊತೆಗೆ ಈಗ ದಕ್ಷಿಣ ಜಪಾನಿನ ಕಾಗೋಶಿಮಾದ ಪುಡಿಯೂ ಸೇರಿದೆ. ಇದರಿಂದ ನಿಮಗಾದ ಬೇಸರಕ್ಕೆ ಕ್ಷಮೆ ಕೋರುತ್ತೇವೆ. ಆದರೆ ಲಾಭದಾಸೆಯಿಂದ ತೂಕ ಇಳಿಸಿದೆವೆಂಬ ಮಾತನ್ನು ಮಾತ್ರ ಒಪ್ಪಲಾರೆವು.

ಮಾಚಾ ಬೀಸಲು ಬೇಕಾದ ಒಣ ಎಲೆ, ಅಂದರೆ ತೆಂಚಾ, 2025ರ ಮೇ ತಿಂಗಳಲ್ಲಿ ಕ್ಯೋಟೋ ಹರಾಜಿನಲ್ಲಿ ಕಿಲೋಗೆ ಸರಾಸರಿ 8,000 ಯೆನ್ ದಾಟಿ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಅದಕ್ಕೂ ಮೊದಲೇ, 2024ರ ಕೊನೆಯ ಹೊತ್ತಿಗೆ, ಅಲ್ಲಿನ ಹೆಸರಾಂತ ಮಳಿಗೆಗಳು ಒಬ್ಬರಿಗೆ ಇಂತಿಷ್ಟೇ ಡಬ್ಬಿ ಎಂದು ಮಿತಿ ಹಾಕಿದ್ದವು. ಆಮದು ಸುಂಕವನ್ನು ಸರಕಿನ ಬೆಲೆಗೆ ಸಾಗಣೆ ವೆಚ್ಚವನ್ನೂ ಕೂಡಿಸಿ ಲೆಕ್ಕ ಹಾಕುವುದರಿಂದ ಅಲ್ಲಿ ಏರಿದ ಪ್ರತಿ ಯೆನ್ನೂ ಇಲ್ಲಿ ಇನ್ನಷ್ಟು ಉಬ್ಬಿಯೇ ನಮ್ಮ ಕೈಸೇರುತ್ತದೆ. ಬೇಡಿಕೆ ಹೆಚ್ಚಿತೆಂದು ಬೀಸುವ ಕಲ್ಲನ್ನು ಜೋರಾಗಿ ತಿರುಗಿಸುವಂತೆಯೂ ಇಲ್ಲ. ಕಲ್ಲು ಬಿಸಿಯಾದರೆ ಪುಡಿಯ ಕಂಪು ಕೆಡುತ್ತದೆ. ಒಂದು ಕಲ್ಲು ತಾಸಿಗೆ ಬೀಸುವುದು ಸುಮಾರು 40 ಗ್ರಾಂ ಮಾತ್ರ.

ಇನ್ನು ಪದೇ ಪದೇ ಕೇಳಿಬಂದಿರುವ ದೂರು: "ಸೆರೆಮೋನಿಯಲ್ ದರ್ಜೆ ಎನ್ನುತ್ತೀರಿ, ಆದರೂ ಕಹಿ." ಚಹಾ ವಿಧಿಗೆ ತಕ್ಕದ್ದೆನ್ನುವ ಈ ದರ್ಜೆಗೆ ಜಪಾನಿನಲ್ಲಿ ಸರ್ಕಾರಿ ಮಾನದಂಡವೇ ಇಲ್ಲ, ಯಾರು ಬೇಕಾದರೂ ಡಬ್ಬಿಯ ಮೇಲೆ ಅಚ್ಚು ಹಾಕಿಸಬಹುದು. ಹಾಗಾಗಿ ನಾವು ನಂಬುವುದು ನಾಲಿಗೆಯನ್ನು. ಪ್ರತಿ ಸರಕನ್ನೂ 4 ಗ್ರಾಂ ಪುಡಿಗೆ 40 ಮಿಲಿಲೀಟರ್ ನೀರು ಹಾಕಿ ಕೋಯ್ಚಾದ, ಅಂದರೆ ಗಟ್ಟಿಯಾಗಿ ಕಲಸಿದ ಮಾಚಾದ, ಹದದಲ್ಲಿ ಕುಡಿದು ನೋಡುತ್ತೇವೆ. ಆ ಹದದಲ್ಲಿ ಒಗರು ಅಡಗಿ ಕೂರುವುದಿಲ್ಲ. ಕೊಯ್ಲಿಗೆ ಮೂರು ವಾರ ಮೊದಲೇ ಗಿಡಗಳಿಗೆ ನೆರಳು ಕಟ್ಟುವುದರಿಂದ ಎಲೆಯಲ್ಲಿ ಸವಿ ಕೊಡುವ ಥಿಯನಿನ್ ಎಂಬ ಅಂಶ ಉಳಿದು ಕಹಿಯ ಅಂಶ ತಗ್ಗುತ್ತದೆ. ಕಾಗೋಶಿಮಾದಿಂದ ನಾವು ತರಿಸುತ್ತಿರುವ ಸಾಎಮಿದೋರಿ ತಳಿಯೂ ಹೀಗೆ ನೆರಳಿನಲ್ಲೇ ಬೆಳೆದದ್ದು. ಬಣ್ಣದಲ್ಲಿ ಊಜಿಯದಕ್ಕಿಂತ ಗಾಢವಾಗಿಯೇ ಇದೆ.

ಬಹುಪಾಲು ಕಹಿ ಕುದಿಯುವ ನೀರಿನಿಂದ ಬರುತ್ತದೆ. 2 ಗ್ರಾಂ ಪುಡಿಯನ್ನು ಜರಡಿ ಹಿಡಿದು, ಕುದಿಸಿ ಆರಿಸಿದ 80 ಡಿಗ್ರಿಯ ನೀರನ್ನು 70 ಮಿಲಿಲೀಟರ್ ಹೊಯ್ದು, ಬಿದಿರಿನ ಕಡೆಗೋಲು ಚಾಸೆನ್‌ನಿಂದ ಸಣ್ಣ ನೊರೆ ಕಟ್ಟುವವರೆಗೆ ಕಡೆಯಿರಿ. ಎಳೆ ಬಟಾಣಿ ಬೆಂದಾಗಿನಂಥ ಕಂಪು ಮೊದಲು ಏಳುತ್ತದೆ, ಆಮೇಲೆ ಉಮಾಮಿಯ, ಅಂದರೆ ಸಾರಿನಂಥ ಸವಿಯ, ದಪ್ಪ ರುಚಿ, ಗುಟುಕು ಇಳಿದ ಮೇಲೆ ಗಂಟಲಲ್ಲಿ ತೆಳುವಾದ ಸಿಹಿ. ನಡುವೆ ಸುಳಿಯುವ ತುಸು ಕಹಿ ಇರಬೇಕಾದದ್ದೇ, ಅದಕ್ಕೆಂದೇ ಜಪಾನಿನಲ್ಲಿ ಚಹಾಕ್ಕೆ ಮೊದಲು ಸಿಹಿ ಕೊಡುತ್ತಾರೆ. ಇಲ್ಲಿ ಒಂದು ಚೂರು ಧಾರವಾಡ ಪೇಡೆಯೂ ನಡೆದೀತು. ಹಾಲು, ಸಕ್ಕರೆ ಬೆರೆಸುವವರಿಗೆ ಈ ಡಬ್ಬಿ ಬೇಡ, ಕಡಿಮೆ ಬೆಲೆಯದೇ ಸಾಕು. ವ್ಯಾಪಾರ ಕಳೆದುಕೊಂಡರೂ ಇದನ್ನು ಹೇಳುತ್ತಲೇ ಬಂದಿದ್ದೇವೆ.

ಹೊಸ ಮಿಶ್ರಣ ಹಿಡಿಸದಿದ್ದರೆ ತೆರೆದ ಡಬ್ಬಿಯನ್ನೇ ತನ್ನಿ. ನಿಮ್ಮೆದುರೇ ಕಡೆದು ಕೊಡುತ್ತೇವೆ, ಆಗಲೂ ಒಪ್ಪದಿದ್ದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ. ಊಜಿಯದಷ್ಟೇ ಇರುವ ಹಳೆಯ ಡಬ್ಬಿಗಳು ಸ್ವಲ್ಪ ಉಳಿದಿವೆ. ಅವನ್ನು ಕೋಯ್ಚಾ ಮಾಡುವವರಿಗೆಂದು ಎತ್ತಿಟ್ಟಿದ್ದೇವೆ, ಕೇಳಿ ಪಡೆಯಿರಿ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಎಲ್ಲರ ಪರವಾಗಿ