ಅಮ್ಮನ ಬಳೆ ಮನೆಗೆ ಬಂತು, ಇಷ್ಟು ಜನರಿಗೆ ಥ್ಯಾಂಕ್ಸ್ ಹೇಳಬೇಕು

ಮೊನ್ನೆ ಶುಕ್ರವಾರ ಅಮ್ಮನ ನಾಲ್ಕು ಬಳೆಗಳನ್ನು ಗಿರವಿಯಿಂದ ಬಿಡಿಸಿಕೊಂಡು ಬಂದೆವು. ಅಂಗಡಿಯವರು ತೂಗಿ ತೋರಿಸಿ, ಗುಲಾಬಿ ಕಾಗದದಲ್ಲಿ ಸುತ್ತಿ ಕೊಟ್ಟರು. ಅಮ್ಮ ಅಲ್ಲೇ ಹಾಕಿಕೊಳ್ಳಲು ನೋಡಿದಳು. ಇಷ್ಟು ವರ್ಷದಲ್ಲಿ ಕೈ ದಪ್ಪ ಆಗಿದೆ, ಹೋಗಲಿಲ್ಲ. ಮನೆಗೆ ಬಂದು ಸೋಪು ಹಚ್ಚಿ ನಾನೇ ಹಾಕಿದೆ. ಆಮೇಲೆ ಅಮ್ಮ ಒಂದು ಮಾತು ಹೇಳಿದಳು: "ಎಲ್ಲರಿಗೂ ಥ್ಯಾಂಕ್ಸ್ ಹೇಳಿಬಿಡು, ಫೋನಿನಲ್ಲಿ ಬರೀತೀಯಲ್ಲ, ಹಾಗೆ." ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಮ್ಮ ಟೀಚರ್ ಆಗಿದ್ದಳು. ನಿವೃತ್ತಿಯಾದಾಗ ಬಂದ ಹಣದಲ್ಲಿ 8 ಲಕ್ಷ ರೂಪಾಯಿಯನ್ನು ನಮ್ಮ ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದಳು. ದೊಡ್ಡ ಬ್ಯಾಂಕುಗಳಿಗಿಂತ ಬಡ್ಡಿ ಸ್ವಲ್ಪ ಜಾಸ್ತಿ, ಹೋದರೆ ಹೆಸರು ಹಿಡಿದು ಮಾತಾಡಿಸುತ್ತಾರೆ, ಕೂರಿಸಿ ಕಾಫಿ ಕೊಡುತ್ತಾರೆ. ಕೋವಿಡ್ ಬರುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಗ್ಗೆ ಬ್ಯಾಂಕಿನ ಬಾಗಿಲಿಗೆ ರಿಸರ್ವ್ ಬ್ಯಾಂಕಿನ ಆದೇಶ ಅಂಟಿಸಿದ್ದರು. ಹೊಸ ಸಾಲ ಇಲ್ಲ, ಹೊಸ ಠೇವಣಿ ಇಲ್ಲ, ಇರುವ ಹಣದಲ್ಲಿ ಒಬ್ಬರಿಗೆ ಇಷ್ಟೇ ಅಂತ ಮಿತಿ. ಅದಾಗಿ ಕೆಲವೇ ತಿಂಗಳಿಗೆ ಅಪ್ಪನಿಗೆ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿಸಬೇಕಾಯಿತು. ಬಳೆ ಗಿರವಿಗೆ ಹೋಗಿದ್ದು ಆಗ. ಸ್ವಂತ ಹಣ ಪಾಸ್‌ಬುಕ್ಕಿನಲ್ಲಿ ಕಣ್ಣಿಗೆ ಕಾಣುತ್ತಿದೆ, ಕೈಗೆ ಸಿಗುತ್ತಿಲ್ಲ. ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಮೊದಲ ಥ್ಯಾಂಕ್ಸ್ ಕೌಂಟರಿನಲ್ಲಿ ಕೂತಿದ್ದ ಹುಡುಗಿಗೆ. ಅಮ್ಮನ ಹಳೇ ವಿದ್ಯಾರ್ಥಿನಿ. ಒಳಗಿದ್ದ ದೊಡ್ಡವರೆಲ್ಲ ಫೋನ್ ಸ್ವಿಚ್ ಆಫ್ ಮಾಡಿಕೊಂಡಿದ್ದ ದಿನ ಅವಳೊಬ್ಬಳು ಎದುರಿಗೆ ನಿಂತು ಬೈಗುಳ ತಿಂದಳು. ಅಮ್ಮನನ್ನು ಪಕ್ಕಕ್ಕೆ ಕರೆದು, "ಟೀಚರ್, ಇವತ್ತು ದುಡ್ಡು ಸಿಗಲ್ಲ, ನಾಳೆ ಸಿಗುತ್ತೆ ಅಂತ ಸುಳ್ಳು ಹೇಳಲ್ಲ, ಆದ್ರೆ ಎಫ್‌ಡಿ ಬಾಂಡ್ ಜೋಪಾನ, ಕೆವೈಸಿ ಇವತ್ತೇ ಸರಿ ಮಾಡಿಸಿಬಿಡಿ" ಅಂದಳು. ಅವಳ ಅಪ್ಪನ ಹಣವೂ ಅದೇ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತ್ತು ಅಂತ ನಮಗೆ ಗೊತ್ತಾಗಿದ್ದು ಒಂದು ವರ್ಷದ ಮೇಲೆ.

ಎರಡನೆಯದು ಮುಂಬೈಯವರಿಗೆ. ಅವರ ಮುಖ ನಾವು ನೋಡಿಲ್ಲ, ಅವರಿಗೆ ಕನ್ನಡ ಬರುವುದೂ ಇಲ್ಲ, ಆದರೂ ಬರೆಯುತ್ತೇನೆ. 2019ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಿಎಂಸಿ (ಪಂಜಾಬ್ ಅಂಡ್ ಮಹಾರಾಷ್ಟ್ರ ಕೋಆಪರೇಟಿವ್) ಬ್ಯಾಂಕಿನ ಮೇಲೆ ಇಂಥದೇ ನಿರ್ಬಂಧ ಬಿತ್ತು. ಮೊದಲು ಹೇಳಿದ ಮಿತಿ ಆರು ತಿಂಗಳಿಗೆ 1,000 ರೂಪಾಯಿ! ಟಿವಿಯಲ್ಲಿ ಮುದುಕರು ಅಳುವುದನ್ನು ನೋಡಿ ನಾವು "ಅಯ್ಯೋ ಪಾಪ" ಅಂದು ಚಾನೆಲ್ ಬದಲಾಯಿಸಿದ್ದೆವು. ಆ ಬ್ಯಾಂಕು ಕೊಟ್ಟ ಸಾಲದಲ್ಲಿ ಶೇ. 70ಕ್ಕೂ ಜಾಸ್ತಿ ಎಚ್‌ಡಿಐಎಲ್ ಎಂಬ ಒಂದೇ ರಿಯಲ್ ಎಸ್ಟೇಟ್ ಗುಂಪಿಗೆ ಹೋಗಿತ್ತು, ಅದನ್ನು ಮುಚ್ಚಿಡಲು 21,000ಕ್ಕೂ ಹೆಚ್ಚು ಸುಳ್ಳು ಖಾತೆಗಳನ್ನು ತೋರಿಸಿದ್ದರು ಅಂತ ತನಿಖೆಯಲ್ಲಿ ಹೊರಬಂತು. ಅಲ್ಲಿನ ಜನ ಸುಮ್ಮನೆ ಕೂರಲಿಲ್ಲ. ರಿಸರ್ವ್ ಬ್ಯಾಂಕಿನ ಮುಂದೆ ಕೂತರು, ಕೋರ್ಟಿಗೆ ಹೋದರು, ಮಂತ್ರಿಗಳನ್ನು ಅಡ್ಡಗಟ್ಟಿ ಕೇಳಿದರು. ಬ್ಯಾಂಕು ಮುಳುಗಿದರೆ ಠೇವಣಿ ಇಟ್ಟವರಿಗೆ ಸಿಗುವ ಠೇವಣಿ ವಿಮೆ 1993ರಿಂದ 1 ಲಕ್ಷದಲ್ಲೇ ನಿಂತಿತ್ತು. 2020ರ ಫೆಬ್ರವರಿಯಲ್ಲಿ ಅದು 5 ಲಕ್ಷ ಆಯಿತು. ಇಪ್ಪತ್ತಾರು ವರ್ಷದಲ್ಲಿ ಅಕ್ಕಿ, ಬೇಳೆ, ಬಂಗಾರ ಎಲ್ಲದರ ಬೆಲೆ ಏರಿತು, ಇದೊಂದು ಏರಿರಲಿಲ್ಲ. ಅವರು ಗಲಾಟೆ ಮಾಡದಿದ್ದರೆ ಅಮ್ಮನಿಗೆ ಸಿಗುತ್ತಿದ್ದುದು 1 ಲಕ್ಷ, ಅಷ್ಟೇ.

ಹಿಂದೆಯೂ ಹೀಗೇ ಆಗಿದೆಯಂತೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಿತ್ತು, ಆಮೇಲೆ 1962ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಠೇವಣಿ ವಿಮೆ ಶುರುವಾಯಿತು, ಆಗ 1,500 ರೂಪಾಯಿಗೆ. ಯಾರದೋ ಮನೆ ಮುಳುಗಿದ ಮೇಲೆ ಪಕ್ಕದ ಬೀದಿಗೆ ಚರಂಡಿ ಬರುತ್ತದೆ.

ಮೂರನೆಯದು ನಮ್ಮ ಮ್ಯಾನೇಜರ್ ಸರ್‌ಗೆ. ಅವರು ಆ ಬ್ಯಾಂಕಿನವರಲ್ಲ. ಬೇರೆ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿಯ ಎಫ್‌ಡಿ ಅಲ್ಲಿತ್ತು. ತಿಂಗಳಿಗೆ ಎರಡು ಭಾನುವಾರ ಕಲ್ಯಾಣ ಮಂಟಪದ ಹಿಂಭಾಗದಲ್ಲಿ ಠೇವಣಿದಾರರ ಸಭೆ ಸೇರಿಸುತ್ತಿದ್ದರು. "ಕೂಗಾಡೋಕೆ ಅರ್ಧ ಗಂಟೆ ಕೊಡ್ತೀನಿ, ಆಮೇಲೆ ಎಲ್ಲರೂ ಅರ್ಜಿ ಬರೀಬೇಕು" ಅಂತ ಅವರ ರೂಲು. ಸಂಸದರಿಗೆ, ಹಣಕಾಸು ಸಚಿವರಿಗೆ, ರಿಸರ್ವ್ ಬ್ಯಾಂಕಿಗೆ ಎಷ್ಟು ಅರ್ಜಿ ಹೋದವೋ ಲೆಕ್ಕವಿಲ್ಲ. ಎಪ್ಪತ್ತು ದಾಟಿದವರು ಮಾಸ್ಕ್ ಹಾಕಿಕೊಂಡು, ದೂರ ದೂರ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದರು. ಆ ಸಾಲಿನಲ್ಲಿದ್ದ ಕೆಲವರು ಹಣ ಬರುವ ಮುಂಚೆಯೇ ಹೋಗಿಬಿಟ್ಟರು. ಅವರ ಮಕ್ಕಳು ನಾಮಿನಿ ಅರ್ಜಿ ಹಿಡಿದು ಅದೇ ಕುರ್ಚಿಗೆ ಬಂದು ಕೂತರು.

ಹಳೇ ಪದ್ಧತಿಯ ದೊಡ್ಡ ತೊಂದರೆ ಏನು ಅಂತ ನಮಗೆ ಹೇಳಿಕೊಟ್ಟವರೂ ಅವರೇ. ವಿಮೆ ಇದೆ, ಆದರೆ ಅದು ಸಿಗುವುದು ಬ್ಯಾಂಕಿನ ಲೈಸೆನ್ಸ್ ರದ್ದಾಗಿ, ಮುಚ್ಚುವ ಕೆಲಸ ಶುರುವಾದ ಮೇಲೆ. ಅಲ್ಲಿಯವರೆಗೆ ಬ್ಯಾಂಕು ಬದುಕಿಯೂ ಇಲ್ಲ, ಸತ್ತೂ ಇಲ್ಲ. ನಿರ್ಬಂಧವನ್ನು ಆರಾರು ತಿಂಗಳು ಮುಂದಕ್ಕೆ ಹಾಕುತ್ತಾ ಹೋಗಬಹುದು, ವರ್ಷಗಟ್ಟಲೆ. 2021ರ ಆಗಸ್ಟ್‌ನಲ್ಲಿ ಸಂಸತ್ತು ತಿದ್ದುಪಡಿ ಪಾಸು ಮಾಡಿತು, ಸೆಪ್ಟೆಂಬರ್ 1ರಿಂದ ಜಾರಿ. ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆ ಹಣ ಕೊಡಬೇಕು. ಮ್ಯಾನೇಜರ್ ಸರ್ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ನೇತುಹಾಕಿದರು: ಬ್ಯಾಂಕು ಪಟ್ಟಿ ಕೊಡಲು 45 ದಿನ, ಈ ವಿಮೆ ನಡೆಸುವ ನಿಗಮ ಪರಿಶೀಲಿಸಲು 30, ಹಣ ಹಾಕಲು 15. ನಾವು ಒಪ್ಪಿಗೆ ಪತ್ರ, ಆಧಾರ್, ಬೇರೆ ಬ್ಯಾಂಕಿನ ಖಾತೆ ನಂಬರ್ ಕೊಟ್ಟೆವು. 2021ರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅಮ್ಮನ ಫೋನಿಗೆ ಮೆಸೇಜ್ ಬಂತು. ಅಮ್ಮ ಅದನ್ನು ಲಾಟರಿಯ ಮೋಸದ ಮೆಸೇಜ್ ಅಂದುಕೊಂಡು ಅಳಿಸಿಬಿಟ್ಟಳು! ಸಂಜೆ ಸಾಲಾಗಿ ಎಲ್ಲರ ಮನೆಯಿಂದ ಫೋನ್ ಬಂದಾಗಲೇ ಗೊತ್ತಾಗಿದ್ದು.

ಇಲ್ಲಿ ನನಗೆ ಇನ್ನೂ ಚುಚ್ಚುವ ಒಂದು ವಿಷಯ ಇದೆ. ಯಾರ ಗಲಾಟೆಯಿಂದ ಇದೆಲ್ಲ ಶುರುವಾಯಿತೋ ಆ ಪಿಎಂಸಿಯವರಿಗೇ ನಮ್ಮ ಜೊತೆ ಆಗ ಹಣ ಸಿಗಲಿಲ್ಲ, ಯಾಕೆಂದರೆ ಅವರ ಬ್ಯಾಂಕನ್ನು ಇನ್ನೊಂದಕ್ಕೆ ಸೇರಿಸುವ ಮಾತು ನಡೆದಿತ್ತು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಸೇರಿತು. 5 ಲಕ್ಷದ ಮೇಲಿನ ಹಣ ಕಂತಿನಲ್ಲಿ, ದೊಡ್ಡ ಮೊತ್ತವಿದ್ದರೆ ಹತ್ತು ವರ್ಷದವರೆಗೆ. ಎಂಬತ್ತರ ಅಜ್ಜಿಗೆ ಹತ್ತು ವರ್ಷ ಅಂದರೆ ಏನರ್ಥ, ಹೇಳಿ.

ಸೋದರಮಾವ ಒಂದು ಸಲ "ನಮ್ಮ ತೆರಿಗೆ ದುಡ್ಡಲ್ಲಿ ನಿಮಗೆ ಕೊಟ್ರಲ್ಲ" ಅಂದ. ಮಾವ, ಪ್ರೀತಿಯಿಂದ ಹೇಳುತ್ತೇನೆ, ಅದು ತೆರಿಗೆ ಹಣ ಅಲ್ಲ. ಪ್ರತಿ ಬ್ಯಾಂಕು 100 ರೂಪಾಯಿ ಠೇವಣಿಗೆ ವರ್ಷಕ್ಕೆ ಇಷ್ಟು ಪೈಸೆ ಅಂತ ಕಂತು ಕಟ್ಟುತ್ತದೆ. ಮೊದಲು 10 ಪೈಸೆ ಇತ್ತು, 2020ರ ಏಪ್ರಿಲ್‌ನಿಂದ 12 ಆಯಿತು. ನಮಗೆ ಕೊಟ್ಟಿದ್ದನ್ನು ನಿಗಮ ಆಮೇಲೆ ಬ್ಯಾಂಕಿನಿಂದ ವಾಪಸ್ ತೆಗೆದುಕೊಳ್ಳುತ್ತದೆ. ಅಂದಹಾಗೆ, ಆಸ್ಪತ್ರೆಗೆ 60,000 ಕೈಸಾಲ ಕೊಟ್ಟು ಎರಡು ವರ್ಷ ಒಮ್ಮೆಯೂ ಕೇಳದಿದ್ದವನೂ ಇದೇ ಮಾವ. ಅವನಿಗೂ ಥ್ಯಾಂಕ್ಸ್. ಔಷಧಿ ಅಂಗಡಿಯ ಅಣ್ಣನಿಗೂ, ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿಗೆ ಒಂದು ಪುಟವನ್ನೇ ಬಿಟ್ಟಿದ್ದಕ್ಕೆ.

ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ಆ ಬ್ಯಾಂಕಿನ ಶೇರುದಾರರು. ವರ್ಷವರ್ಷವೂ ಸರ್ವಸದಸ್ಯರ ಸಭೆಗೆ ಹೋಗಿ ಉಪ್ಪಿಟ್ಟು ತಿಂದು ಸ್ಟೀಲ್ ಡಬ್ಬಿ ತಂದಿದ್ದಾರೆ. ಮನೆಯಲ್ಲಿ ಒಂಬತ್ತು ಡಬ್ಬಿ ಇವೆ. ವಾರ್ಷಿಕ ವರದಿ ಒಂದನ್ನೂ ಬಿಡಿಸಿ ನೋಡಿಲ್ಲ. ಯಾರಿಗೆ ಎಷ್ಟು ಸಾಲ ಕೊಟ್ಟಿದ್ದೀರಿ ಅಂತ ಒಬ್ಬರೂ ಎದ್ದು ಕೇಳಲಿಲ್ಲ. ಈಗ ಆ ಪ್ರಶ್ನೆಗೆ ನಿಯಮವೇ ಬಂದಿದೆ. ರಿಸರ್ವ್ ಬ್ಯಾಂಕಿನ 2020ರ ಮಾರ್ಚ್‌ನ ಆದೇಶದ ಪ್ರಕಾರ ಪಟ್ಟಣ ಸಹಕಾರಿ ಬ್ಯಾಂಕುಗಳು ಒಬ್ಬ ಸಾಲಗಾರನಿಗೆ ತಮ್ಮ ಮೂಲ ಬಂಡವಾಳದ ಶೇ. 15ಕ್ಕಿಂತ, ಒಂದು ಗುಂಪಿಗೆ ಶೇ. 25ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಅದೇ ವರ್ಷ ಕಾನೂನು ತಿದ್ದಿ ಈ ಬ್ಯಾಂಕುಗಳ ಆಡಳಿತದ ಮೇಲೂ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಹಿಡಿತ ಕೊಟ್ಟರು. ಅಪ್ಪನಿಗೆ ಇದು ಪೂರ್ತಿ ಇಷ್ಟವಿಲ್ಲ. "ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದವರು ನಾವು, ಎಲ್ಲಾ ಮುಂಬೈಯ ರಿಸರ್ವ್ ಬ್ಯಾಂಕಿನಿಂದಲೇ ನೋಡಿಕೊಳ್ಳೋದಾದರೆ ಸದಸ್ಯರು ಯಾಕೆ" ಅಂತಾರೆ. ಮಾತು ಸರಿ, ಆದರೆ ಒಂಬತ್ತು ಡಬ್ಬಿ ಅಪ್ಪಾ.

ಇದನ್ನು ಓದಿ ಧೈರ್ಯ ತಂದುಕೊಳ್ಳುವವರಿಗೆ ಒಂದು ಮಾತು. ಈ 5 ಲಕ್ಷದ ವಿಮೆ ಬ್ಯಾಂಕುಗಳಿಗೆ ಮಾತ್ರ, ಅದೂ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಎಲ್ಲಾ ಸೇರಿ. ಬ್ಯಾಂಕ್ ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿ, ಪತ್ತಿನ ಸಂಘಗಳಲ್ಲಿ ಇಟ್ಟದ್ದಕ್ಕೆ ಇದು ಬರುವುದಿಲ್ಲ. ಬೋರ್ಡು ದೊಡ್ಡದಿದ್ದರೂ ಬರುವುದಿಲ್ಲ. ಶೇರು ಹಣಕ್ಕೂ ಇಲ್ಲ.

ಅಮ್ಮನ ಉಳಿದ 3 ಲಕ್ಷ ಇನ್ನೂ ಬಂದಿಲ್ಲ. ಮುಂದಿನ ಭಾನುವಾರ ಹತ್ತೂವರೆಗೆ ಅದೇ ಕಲ್ಯಾಣ ಮಂಟಪದ ಹಿಂಭಾಗದಲ್ಲಿ ಸಭೆ ಇದೆ, ಬಾಕಿ ಇರುವವರು ಪಾಸ್‌ಬುಕ್ ಜೆರಾಕ್ಸ್ ಎರಡು ಪ್ರತಿ ತನ್ನಿ. ಈ ಸಲ ಕಾಫಿ, ಮೈಸೂರು ಪಾಕ್ ನಮ್ಮ ಮನೆಯಿಂದ.